ಗೋಡೆಗೆ ಊರಿದ ಅಂಗೈ

ಮೇಸ್ತ್ರಿ ಎಂದರೆ ಕಟ್ಟುವವನು ಎಂದೇ ಎಲ್ಲರ ತಿಳುವಳಿಕೆ. ಆದರೆ ಈ ಮೇಸ್ತ್ರಿ ತನ್ನ ಜೀವಮಾನದಲ್ಲಿ ಒಂದು ಇಟ್ಟಿಗೆಯ ಮೇಲೆ ಇನ್ನೊಂದು ಇಟ್ಟಿಗೆ ಇಟ್ಟವನಲ್ಲ. ಇಪ್ಪತ್ತಾರು ವರ್ಷದಿಂದ ಕೆಡವಿದ್ದೇ ಕೆಡವಿದ್ದು. ಮನೆ, ಶಾಲೆ, ಗೋದಾಮು, ಸಿನಿಮಾ ಟಾಕೀಸು, ಒಂದು ಸಲ ಅರ್ಧ ಜೈಲು. ಹೀಗಾಗಿ ಜನರ ಬಾಯಲ್ಲಿ ಅವನು ‘ಕೆಡವೋ ಮೇಸ್ತ್ರಿ’. ಎದುರಿಗೆ ಮಾತ್ರ ಬರೀ ಮೇಸ್ತ್ರಿ. ಎದುರಿಗೇ ಆ ಇನ್ನೊಂದು ಪದವನ್ನೂ ಸೇರಿಸಿ ಕರೆದವನೊಬ್ಬನ ಕಿವಿ ಮೂರು ದಿನ ಗುಂಯ್‌ಗುಟ್ಟಿತ್ತು.

ಬೇರೆಯವರಿಗೆ ಸಿಟ್ಟು ಮೂಗಿನ ತುದಿಯಲ್ಲಿದ್ದರೆ ಇವನಿಗೆ ಮುಷ್ಟಿಯಲ್ಲಿತ್ತು. ಮಾತಿಗಿಂತ ಮೊದಲು ಕೈ ಹೋಗುತ್ತಿತ್ತು. ಒರಗಿಸಿಟ್ಟ ಹಾರೆ ಜಾರಿದರೆ ಒರಗಿಸಿದವನಿಗೆ ಏಟು, ಹಗ್ಗದ ಗಂಟು ಸಡಿಲವಾದರೆ ಕಟ್ಟಿದವನಿಗೆ ಏಟು, ಏಟು ತಿಂದವನು ಗೊಣಗಿದರೆ ಗೊಣಗಿದ್ದಕ್ಕೆ ಬೇರೆ ಇನ್ನೊಂದು. ಇಷ್ಟಾದರೂ ಅವನ ಗುಂಪಿನ ಹದಿನಾಲ್ಕು ಜನರಲ್ಲಿ ಒಬ್ಬನೂ ಅವನನ್ನು ಬಿಟ್ಟು ಹೋಗಿರಲಿಲ್ಲ. ಅದಕ್ಕೆ ಕಾರಣ ಅವನ ಎಡಗೈ.

ಕೆಡವುವವರು ಎತ್ತರದ ಗೋಡೆಯನ್ನು ಮೇಲಿನಿಂದ ಒಡೆಯುತ್ತ ಕೂರುವುದಿಲ್ಲ. ಬುಡದಲ್ಲಿ ಉದ್ದಕ್ಕೂ ಕೊರೆದು, ನೆತ್ತಿಗೆ ಹಗ್ಗ ಬಿಗಿದು, ದೂರ ನಿಂತು ಎಳೆಯುತ್ತಾರೆ. ಜೀವಕ್ಕೆ ಕುತ್ತು ಇರುವುದು ಬುಡ ಕೊರೆಯುವ ಕೊನೆಯ ಅರ್ಧ ಗಂಟೆಯಲ್ಲಿ. ಆ ಹೊತ್ತಿಗೆ ಮೇಸ್ತ್ರಿ ಕೈ ಎತ್ತುತ್ತಿದ್ದ. ಅಷ್ಟೂ ಸಮ್ಮಟಿಗೆಗಳು ನಿಲ್ಲುತ್ತಿದ್ದವು. ಅವನು ಎಡ ಅಂಗೈಯನ್ನು ಗೋಡೆಗೆ ಊರಿ, ಉಸಿರು ಬಿಗಿಹಿಡಿದು, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ರಸ್ತೆಯಲ್ಲಿ ಲಾರಿ ಹೋದರೂ ಗೋಡೆ ನಡುಗುತ್ತದೆ, ಆದರೆ ಅದು ಬಂದು ಹೋಗುವ ನಡುಕ. ಬುಡ ಸೋತ ಗೋಡೆಯ ನಡುಕವೇ ಬೇರೆ. ಸಣ್ಣಗೆ ಶುರುವಾಗುತ್ತದೆ, ಶುರುವಾದದ್ದು ನಿಲ್ಲುವುದಿಲ್ಲ. ಅಂಗೈಗೆ ಗೊತ್ತಾದ ಮೇಲೆ ಅವನ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು. ಒಂದೋ ‘ಹೊಡೀರಿ’, ಇಲ್ಲವೇ ‘ಓಡಿ’.

‘ಓಡಿ’ ಎಂದಾಗ ಯಾಕೆ ಎಂದು ಕೇಳುವ ಹಾಗಿಲ್ಲ. ಹಾಗೆ ಕೇಳಿದವನೊಬ್ಬನನ್ನು ಮೇಸ್ತ್ರಿ ಕುತ್ತಿಗೆಪಟ್ಟಿ ಹಿಡಿದು ಎತ್ತಿ ಆಚೆಗೆ ಎಸೆದಿದ್ದ. ಬಿದ್ದವನು ಮಣ್ಣಿನಿಂದ ತಲೆ ಎತ್ತಿ ನೋಡುವಷ್ಟರಲ್ಲಿ ಅವನು ನಿಂತಿದ್ದ ಜಾಗದಲ್ಲಿ ಎರಡಾಳೆತ್ತರದ ಇಟ್ಟಿಗೆ ರಾಶಿ. ಮೊಣಕೈ ಮುರಿದಿತ್ತು, ಕಟ್ಟು ಬಿಚ್ಚಿದ ಮಾರನೆಯ ದಿನವೇ ಅವನು ಮತ್ತೆ ಕೆಲಸಕ್ಕೆ ಬಂದ. ಮೇಸ್ತ್ರಿಯ ಹೊರತು ಬೇರೆ ಯಾರೂ ಆ ಹೊತ್ತಿನಲ್ಲಿ ಗೋಡೆಗೆ ಕೈ ತಾಗಿಸುವಂತಿರಲಿಲ್ಲ. ಒಂದು ಗುಂಪಿಗೆ ಒಂದೇ ಅಂಗೈ ಎಂಬುದು ಆ ಕಸುಬಿನ ಕಟ್ಟಳೆ.

ಗುಂಪಿನಲ್ಲಿ ಅವನ ಹೆಂಡತಿಯ ತಮ್ಮಂದಿರಿಬ್ಬರೂ ಇದ್ದರು. ಒಬ್ಬ ದೊಡ್ಡವ, ಇನ್ನೊಬ್ಬ ಚಿಕ್ಕವ. ತಾಯಿಯಿಲ್ಲದ ಅವರಿಬ್ಬರನ್ನು ಅಕ್ಕನೇ ಸಾಕಿ ದೊಡ್ಡವರನ್ನಾಗಿ ಮಾಡಿ, “ಇವರನ್ನ ನಿಮ್ಮ ಕೈಗೆ ಕೊಡ್ತಿದೀನಿ ರೀ, ನಿಮ್ಮ ಕೈ ಮೇಲೆ ನಂಬಿಕೆ ನಂಗೆ” ಎಂದು ಗಂಡನ ಜೊತೆ ಕೆಲಸಕ್ಕೆ ಕಳಿಸಿದ್ದಳು. ದೊಡ್ಡವ ಈಗ ಇಲ್ಲ. ಹಳೆಯ ಟಾಕೀಸು ಕೆಡವುವಾಗ ಹೋದ. ಮೇಸ್ತ್ರಿ ಅಂಗೈ ಊರಿ ‘ಹೊಡೀರಿ’ ಎಂದಿದ್ದ. ದೊಡ್ಡವ ಹೊಡೆದ. ಮೂರನೆಯ ಏಟಿಗೆ ಗೋಡೆ ಇಡಿಯಾಗಿ ಅವನ ಮೇಲೆ ಬಂತು. ಸಮ್ಮಟಿಗೆ ಹಿಡಿದ ಕೈಯೊಂದು ಮಾತ್ರ ಹೊರಗಿತ್ತು, ಅದರ ಬೆರಳುಗಳು ಇನ್ನೂ ಆಡುತ್ತಿದ್ದವು. ಮೇಸ್ತ್ರಿ ಉಗುರು ಕಿತ್ತು ಬರುವವರೆಗೂ ಇಟ್ಟಿಗೆ ಬಗೆದ. ಮುಖ ಸಿಕ್ಕಾಗ ಅದನ್ನು ಮುಖ ಎನ್ನುವಂತಿರಲಿಲ್ಲ.

ಯಾರೂ ಅವನನ್ನು ದೂರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಒಂದೇ ಒಂದು ಸಲ ಅಂಗೈ ತಪ್ಪಿತು, ಏನು ಮಾಡಲಾಗುತ್ತದೆ ಎಂದರು. ಹೆಂಡತಿ ಅತ್ತು ಅತ್ತು ಸುಸ್ತಾಗಿ, ಕೊನೆಗೆ ಅವನಿಗೇ ಸಮಾಧಾನ ಹೇಳಿದಳು. “ನೀವೇನು ಬೇಕಂತ ಮಾಡಿದ್ರಾ? ಬಿಡಿ.”

ಅದಾಗಿ ಮೂರು ತಿಂಗಳಿಗೆ ಅದು ಮೊದಲ ಸಲ ಬಂತು. ಯಾವ ಗೋಡೆಯ ಹತ್ತಿರವೂ ಅಲ್ಲ. ಮಧ್ಯಾಹ್ನ, ನಿಂತ ಲಾರಿಯ ನೆರಳಲ್ಲಿ, ಎಲ್ಲರೂ ಬುತ್ತಿ ಬಿಚ್ಚಿಕೊಂಡು ನಗುತ್ತ ಕೂತಿದ್ದ ಹೊತ್ತು. ಮೇಸ್ತ್ರಿ ಬಾಯಿಗೆ ತುತ್ತಿಟ್ಟ, ತುತ್ತು ಇಳಿಯಲಿಲ್ಲ. ಗಂಟಲನ್ನು ಯಾರೋ ಹಿಸುಕಿದ ಹಾಗಾಯಿತು. ಎದೆಯೊಳಗೆ ಸಮ್ಮಟಿಗೆ ಬೀಳತೊಡಗಿತು. ಬೆರಳ ತುದಿಗಳು ಜುಮ್ಮೆಂದವು, ಬೆನ್ನಿನ ಮೇಲೆ ತಣ್ಣನೆಯ ಬೆವರು ಹರಿಯಿತು, ಕೂತವರ ನಗು ಎಲ್ಲೋ ದೂರದಿಂದ ಕೇಳಿಸಿತು. ಇನ್ನು ಒಂದು ನಿಮಿಷ, ಆಮೇಲೆ ನಾನಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಎದ್ದು ನಿಂತ. ಅವನ ಬಣ್ಣ ನೋಡಿ ಚಿಕ್ಕವ ಓಡಿ ಬಂದು ಭುಜ ಹಿಡಿದುಕೊಂಡ.

“ಭಾವ, ಏನಾಯ್ತು?”

ಮೇಸ್ತ್ರಿಯ ಮುಷ್ಟಿ ಅವನ ಬಾಯಿಗೆ ಅಪ್ಪಳಿಸಿತು. ಚಿಕ್ಕವ ಲಾರಿಯ ಚಕ್ರಕ್ಕೆ ಬಡಿದು ಕುಸಿದ. ಮೇಲಿನ ಸಾಲಿನ ಹಲ್ಲೊಂದು ಬುತ್ತಿಯೊಳಗೆ ಬಿತ್ತು. ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಲಾರಿಯ ಬಾಗಿಲನ್ನು ಒದ್ದ, ನೀರಿನ ಡ್ರಮ್ಮನ್ನು ಉರುಳಿಸಿದ, ಸಿಕ್ಕಿದ್ದನ್ನೆಲ್ಲ ಎತ್ತಿ ಎಸೆಯುತ್ತ ಆವರಣದ ಆ ತುದಿಗೆ ಹೋಗಿ ಗೋಡೆಗೆ ಹಣೆ ಆನಿಸಿ ನಿಂತ. ಸ್ವಲ್ಪ ಹೊತ್ತಿಗೆ ಎಲ್ಲ ಇಳಿಯಿತು. ಸಾಯಲಿಲ್ಲ.

ಚಿಕ್ಕವ ಬಾಯಿ ತುಂಬ ರಕ್ತ ಉಗುಳಿ, “ಏನಿಲ್ಲ, ಭಾವಂಗೆ ಸಿಟ್ಟು ಬಂದಿದೆ” ಅಂದ. ಎಲ್ಲರೂ ಹೌದು ಹೌದು ಅಂದರು. ಅವರದ್ದೇನು ತಪ್ಪು? ಅವರು ಕಂಡಿದ್ದ ಮೇಸ್ತ್ರಿಗೆ ಬರುವುದು ಅದೊಂದೇ. ಅಷ್ಟೇಕೆ, ಮೇಸ್ತ್ರಿಯೂ ಅದನ್ನು ಸಿಟ್ಟೆಂದೇ ತಿಳಿದ. ಕಾರಣ ಮಾತ್ರ ಎಷ್ಟು ಹುಡುಕಿದರೂ ಸಿಗಲಿಲ್ಲ.

ಆಮೇಲೆ ಅದು ಹೇಳದೆ ಕೇಳದೆ ಬರುವ ನೆಂಟನಾಯಿತು. ಬಚ್ಚಲಲ್ಲಿ ಬಂದಾಗ ಚಿಲಕ ತೆಗೆಯಲು ಕೈ ಬಾರದೆ ಬಾಗಿಲನ್ನೇ ಒಡೆದು ಹೊರಬಂದ. ಕ್ಷೌರಿಕನ ಅಂಗಡಿಯಲ್ಲಿ ಬಂದದ್ದು ಇನ್ನೂ ಚೆಂದ. ಕುತ್ತಿಗೆಗೆ ಬಟ್ಟೆ ಬಿಗಿದು, ಅರ್ಧ ಮುಖಕ್ಕೆ ನೊರೆ ಹಚ್ಚಿ, ಕತ್ತಿ ಎತ್ತಿದ ಗಳಿಗೆಯಲ್ಲಿ ಗಂಟಲು ಕಟ್ಟಿತು. ಮೇಸ್ತ್ರಿ ಕುರ್ಚಿಸಮೇತ ಎದ್ದ. ಕ್ಷೌರಿಕ ಕನ್ನಡಿಯ ಮೇಲೆ ಬಿದ್ದ, ಕನ್ನಡಿ ಇಬ್ಬರ ಮೇಲೂ ಬಿತ್ತು. ಕ್ಷೌರಿಕನ ಮುಂಗೈಗೆ ಹನ್ನೊಂದು ಹೊಲಿಗೆ ಬಿದ್ದವು. ಅರ್ಧ ಗಡ್ಡದಲ್ಲಿ ರಕ್ತ ಸುರಿಸಿಕೊಂಡು ಬೀದಿಯಲ್ಲಿ ನಡೆದು ಬಂದ ಮೇಸ್ತ್ರಿಯನ್ನು ನೋಡಿ ಎದುರು ಬಂದವರು ರಸ್ತೆಯ ಆಚೆ ಬದಿಗೆ ಹೋದರು. ಅವನ ಅಂಗೈಗೆ ಹೊಕ್ಕ ಗಾಜಿನ ಚೂರನ್ನು ಹೆಂಡತಿ ಸೂಜಿಯಿಂದ ಕೀಳುತ್ತ ಕೂತಳು.

ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಳು. ಹಾಸಿಗೆಯ ಚಾದರ ನೋಡಿ ರೋಗಿ ಇನ್ನೆಷ್ಟು ದಿನ ಬದುಕುತ್ತಾನೆ ಎಂದು ಹೇಳುವಷ್ಟು ಪಳಗಿದವಳು. ಸೂಜಿ ಹಿಡಿದವಳು ಗಂಡನ ಕೈಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

“ರೀ, ಇದು ಸಿಟ್ಟಲ್ಲ.”

“ಮತ್ತೇನು, ಪ್ರೀತಿನಾ?”

“ತಮಾಷೆ ಬೇಡ. ಇಪ್ಪತ್ತು ವರ್ಷದಿಂದ ನಿಮ್ಮ ಸಿಟ್ಟು ನೋಡಿದೀನಿ, ತಿಂದಿದೀನಿ. ಸಿಟ್ಟು ಬಂದಾಗ ನಿಮ್ಮ ಕೈ ಕೆಂಡ. ಈಗ ನೋಡಿ, ಐಸು. ತುಟಿ ಬಿಳಿಚಿಕೊಂಡಿದೆ. ಇದು ಹೃದಯ. ಏಳಿ.”

ಅವನು ಬೈದ, ತಟ್ಟೆ ಎಸೆದ. ಅವಳು ತಟ್ಟೆ ಎತ್ತಿಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಳು. ಹೊರಟ.

ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿದರು, ರಕ್ತ ತೆಗೆದರು, ಮೂರು ಗಂಟೆ ಮಲಗಿಸಿದರು. ಕೊನೆಗೆ ಬಂದ ಡಾಕ್ಟರಮ್ಮ ಅವನಿಗೆ ಮಗಳಾಗಬಹುದಾದ ವಯಸ್ಸಿನವಳು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಕಾಗದ ನೋಡಿ, “ಹೃದಯ ಗಟ್ಟಿಯಾಗಿದೆ” ಅಂದಳು. ಆಮೇಲೆ ಒಂದೊಂದಾಗಿ ಕೇಳತೊಡಗಿದಳು. ಎದೆ ಹೊಡ್ಕೊಳ್ಳುತ್ತಾ? ಉಸಿರು ಸಾಲಲ್ವಾ? ಗಂಟಲು ಕಟ್ಟಿದ ಹಾಗೆ? ಬೆರಳು ಜುಮ್ಮೆನ್ನುತ್ತಾ? ತಣ್ಣಗೆ ಬೆವರು? ಸುತ್ತ ಇರೋದೆಲ್ಲ ನಿಜ ಅಲ್ಲ ಅನ್ನೋ ಹಾಗೆ, ದೂರ ಹೋದ ಹಾಗೆ? ಈಗಲೇ ಸಾಯ್ತೀನಿ ಅಂತ ಅನ್ನಿಸುತ್ತಾ? ಪ್ರತಿಯೊಂದಕ್ಕೂ ಮೇಸ್ತ್ರಿ ಹೂಂಗುಟ್ಟಿದ. ಲಾರಿಯ ನೆರಳಲ್ಲಿ ತನ್ನ ಪಕ್ಕದಲ್ಲೇ ಕೂತು ನೋಡಿದವಳ ಹಾಗೆ ಇವಳು ಹೇಳುತ್ತಿದ್ದಾಳಲ್ಲ ಎಂದು ಅವನಿಗೆ ಅಚ್ಚರಿಯಾಯಿತು.

“ಇದನ್ನ ಪ್ಯಾನಿಕ್ ಅಟ್ಯಾಕ್ ಅಂತಾರೆ. ಭಯದ ಹೊಡೆತ. ಹತ್ತು ನಿಮಿಷದಲ್ಲಿ ನೆತ್ತಿಗೇರುತ್ತೆ, ಆಮೇಲೆ ತಾನಾಗೇ ಇಳಿಯುತ್ತೆ. ಸಾಯ್ತೀನಿ ಅನ್ನಿಸುತ್ತೆ, ಆದ್ರೆ ಸಾಯಲ್ಲ.”

ಮೇಸ್ತ್ರಿಗೆ ಕೇಳಿಸಿದ್ದು ಒಂದೇ ಪದ. “ಭಯಾನಾ? ನಂಗಾ?” ಪಕ್ಕದಲ್ಲಿದ್ದ ಕಬ್ಬಿಣದ ಸ್ಟೂಲನ್ನು ಎತ್ತಿ ಗೋಡೆಗೆ ಬೀಸಿದ. ಗಿಲಾವು ಉದುರಿತು. ಪಕ್ಕದ ಮಂಚದ ಮುದುಕ ಚೀರಿದ, ಬಾಗಿಲ ಕಾವಲಿನವರಿಬ್ಬರು ಓಡಿ ಬಂದು ಅವನ ತೋಳು ತಿರುವಿದರು. ಒಬ್ಬನ ಮೂಗಿಗೆ ಅವನ ತಲೆ ಬಡಿಯಿತು. ಡಾಕ್ಟರಮ್ಮ ಒಂದು ಹೆಜ್ಜೆ ಹಿಂದೆ ಸರಿದಳು ನಿಜ, ಆದರೆ ಅಲ್ಲೇ ನಿಂತಳು.

“ಬಿಡಿ ಅವರನ್ನ. ಮೇಸ್ತ್ರಿಯವರೇ, ನಿಮ್ಮ ಕೈ ನೋಡ್ಕೊಳ್ಳಿ. ನಡುಗ್ತಿದೆ. ಇದು ಸಿಟ್ಟಿಗಾ, ಭಯಕ್ಕಾ? ನೀವೇ ಹೇಳಿ.”

ಅವನು ನೋಡಿಕೊಂಡ. ಎರಡೂ ಕೈಯನ್ನು ಕಂಕುಳಿಗೆ ಸೇರಿಸಿಕೊಂಡ.

“ಯಾವಾಗಿಂದ ಇದು? ಅದಕ್ಕೆ ಮುಂಚೆ ಏನಾದ್ರೂ ಆಗಿತ್ತಾ?”

“ಏನಿಲ್ಲ” ಎಂದ ಮೇಸ್ತ್ರಿ. ಬಾಗಿಲಲ್ಲಿ ನಿಂತ ಹೆಂಡತಿಯ ಕಣ್ಣು ತಪ್ಪಿಸಿದ. ಅದು ಬಂದಾಗ ನಾಲ್ಕು ಎಣಿಸಿ ಉಸಿರು ತೆಗೆದುಕೊಂಡು ಆರು ಎಣಿಸಿ ಬಿಡಬೇಕು, ವಾರಕ್ಕೊಂದು ದಿನ ಬಂದು ಮಾತಾಡಬೇಕು, ಅದಕ್ಕೆಂದೇ ಒಬ್ಬರಿದ್ದಾರೆ ಎಂದು ಡಾಕ್ಟರಮ್ಮ ಚೀಟಿ ಬರೆದುಕೊಟ್ಟಳು. ಅದನ್ನು ಅವನು ಜೇಬಿನಲ್ಲಿಟ್ಟುಕೊಂಡ, ಹೋಗಲಿಲ್ಲ.

ಹೋಗಿದ್ದರೆ ಹೇಳಬೇಕಾಗಿತ್ತು. ಹೇಳಬೇಕಾಗಿದ್ದದ್ದು ಇಷ್ಟೇ. ಟಾಕೀಸು ಕೆಡವಿದ ದಿನ, ಅಂಗೈ ಊರುವ ಹೊತ್ತಿಗೆ ಸರಿಯಾಗಿ, ಲಾರಿಯವನೊಬ್ಬ ಹಿಂದೆ ನೋಡದೆ ಹಿಂದಕ್ಕೆ ಬಂದು ಮೇಸ್ತ್ರಿಯ ಬುತ್ತಿ ಡಬ್ಬಿಯನ್ನು ಅಪ್ಪಚ್ಚಿ ಮಾಡಿದ್ದ. ಮೇಸ್ತ್ರಿ ಅವನನ್ನು ಸೀಟಿನಿಂದ ಎಳೆದು ಹಾಕಿ, ಲಾರಿಯ ಬಾಗಿಲಿಗೆ ಅವನ ತಲೆಯನ್ನು ನಾಲ್ಕು ಸಲ ಬಡಿದ. ಐದನೆಯದಕ್ಕೆ ಜನ ಬಿಡಿಸಿದರು. ಬುಸುಗುಡುತ್ತಲೇ ಗೋಡೆಯ ಹತ್ತಿರ ಬಂದು ಅಂಗೈ ಊರಿದ. ಗೋಡೆ ನಡುಗುತ್ತಿತ್ತು. ಸಣ್ಣಗೆ, ಬಿಡದೆ ನಡುಗುತ್ತಿತ್ತು. ಇದು ನನ್ನ ಕೈ, ಇನ್ನೂ ಸಿಟ್ಟು ಇಳಿದಿಲ್ಲ, ಅದಕ್ಕೇ ನಡುಗುತ್ತಿದೆ ಎಂದುಕೊಂಡ. ‘ಹೊಡೀರಿ’ ಅಂದ. ಆಮೇಲಿನದು ಆಗಲೇ ಗೊತ್ತಿದೆ.

ಅಂಗೈ ತಪ್ಪಿರಲಿಲ್ಲ. ಅಂಗೈ ಸರಿಯಾಗಿಯೇ ಹೇಳಿತ್ತು. ಒಂದು ಬುತ್ತಿ ಡಬ್ಬಿಗಾಗಿ ಅವನು ಅದರ ಮಾತು ಕೇಳಲಿಲ್ಲ. ಇದು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿತ್ತು. ಹೆಂಡತಿ ‘ಬೇಕಂತ ಮಾಡಿದ್ರಾ’ ಎಂದಾಗಲೆಲ್ಲ ಅವನು ಎದ್ದು ಹೊರಗೆ ಹೋಗಿಬಿಡುತ್ತಿದ್ದ.

ಈಗ ಅದಕ್ಕಿಂತ ದೊಡ್ಡ ಪೇಚು ಎದುರಾಯಿತು. ಗೋಡೆಗೆ ಕೈ ಇಟ್ಟರೆ ಸಾಕು, ಎದೆ ಹೊಡೆದುಕೊಳ್ಳುತ್ತಿತ್ತು, ಬೆರಳು ನಡುಗುತ್ತಿತ್ತು. ನಡುಕ ಯಾರದೆಂದು ತಿಳಿಯದೆ ಅವನು ‘ಓಡಿ’ ಎಂದು ಕೂಗಿಬಿಡುತ್ತಿದ್ದ. ಒಂದೇ ವಾರದಲ್ಲಿ ಎರಡು ಸಲ ಹೀಗಾಯಿತು. ಜನ ಸಮ್ಮಟಿಗೆ ಬಿಸಾಕಿ ಬಿದ್ದು ಎದ್ದು ಓಡಿದರು. ಗೋಡೆಗಳು ಜಪ್ಪಯ್ಯ ಅಂದರೂ ಅಲುಗದೆ ನಿಂತಿದ್ದವು. ಎರಡನೆಯದನ್ನಂತೂ ಮಾರನೆಯ ದಿನ ಎರಡು ಹಗ್ಗ ಹಾಕಿ, ಲಾರಿಯಿಂದ ಎಳೆಸಬೇಕಾಯಿತು. “ಮೇಸ್ತ್ರಿ ಅಂಗೈಗೆ ವಯಸ್ಸಾಯ್ತು” ಎಂದು ಒಬ್ಬ ಗೊಣಗಿದ. ಅವನ ಮೂಗಿನಿಂದ ರಕ್ತ ಬಂತು ಎಂಬುದೇನೋ ನಿಜ. ಆದರೆ ಉಳಿದವರು ಈ ಸಲ ತಲೆ ತಗ್ಗಿಸಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದರ ಅರ್ಥ ಮೇಸ್ತ್ರಿಗೆ ಚೆನ್ನಾಗಿ ಗೊತ್ತಾಯಿತು. ಇನ್ನೊಂದು ಸಲ ಸುಳ್ಳಾದರೆ, ಆಮೇಲೆ ಅವನು ‘ಓಡಿ’ ಎಂದಾಗ ಯಾರೂ ಓಡುವುದಿಲ್ಲ. ಯಾರೂ ಓಡದ ದಿನವೇ ಗೋಡೆ ಬರುತ್ತದೆ.

ಹಳೆಯ ಸಾಬೂನು ಕಾರ್ಖಾನೆಯ ಹಿಂಗೋಡೆ ಮೂರಾಳು ಎತ್ತರವಿತ್ತು. ಇಟ್ಟಿಗೆಗೆಲ್ಲ ಸಾಬೂನು ಇಳಿದಿತ್ತು. ಧೂಳಿಗೆಂದು ನೀರು ಹೊಡೆದರೆ ಗೋಡೆ ನೊರೆ ಕಾರುತ್ತಿತ್ತು. ಬೆಳಗಿನ ಹನ್ನೊಂದು ಗಂಟೆ. ಬುಡ ಮುಕ್ಕಾಲು ಕೊರೆದಾಗಿತ್ತು. ನಡುವಿನ ಕಂಬದ ಬುಡದಲ್ಲಿ, ಎಲ್ಲರಿಗಿಂತ ಒಳಗೆ ಇದ್ದವನು ಚಿಕ್ಕವ. ಅದು ಮೊದಲು ಅವನ ಅಣ್ಣನ ಜಾಗ. ಅಣ್ಣ ಹೋದ ಮೇಲೆ ಹಟ ಮಾಡಿ ತಾನೇ ಅಲ್ಲಿ ನಿಲ್ಲುತ್ತಿದ್ದ. ಹಲ್ಲು ಹೋದ ಸಂದಿಯಲ್ಲಿ ನಾಲಿಗೆ ಇಟ್ಟುಕೊಂಡು ಭಾವನನ್ನೇ ನೋಡುತ್ತಿದ್ದ.

ಮೇಸ್ತ್ರಿ ಕೈ ಎತ್ತಿದ. ಸದ್ದು ನಿಂತಿತು. ಅಂಗೈ ಊರಿದ.

ನಡುಕ ಬಂತು. ಅದರ ಹಿಂದೆಯೇ ಗಂಟಲು ಕಟ್ಟಿತು. ಡಾಕ್ಟರಮ್ಮ ಹೇಳಿದ್ದು ನೆನಪಾಗಿ ಅವನು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಎದೆ? ಹೊಡೆದುಕೊಳ್ಳುತ್ತಿದೆ. ಬೆರಳು? ಜುಮ್ಮೆನ್ನುತ್ತಿದೆ. ಬೆವರು? ತಣ್ಣಗೆ ಇಳಿಯುತ್ತಿದೆ. ಕಾರ್ಖಾನೆ ದೂರ ಸರಿಯುತ್ತಿದೆ, ಸಾವು ಕುತ್ತಿಗೆಯ ಹಿಂದೆ ನಿಂತಿದೆ. ಒಂದೂ ಬಿಟ್ಟಿಲ್ಲ, ಎಲ್ಲವೂ ಇವೆ. ಹಾಗಾದರೆ ಇದು ಭಯದ ಹೊಡೆತ. ಇದು ನನ್ನದೇ ನಡುಕ. ಗೋಡೆ ಸುಮ್ಮನಿದೆ. ಒಂದು ಕ್ಷಣ ಅವನಿಗೆ ಖುಷಿಯೇ ಆಯಿತು, ಕಳ್ಳ ಕೊನೆಗೂ ಸಿಕ್ಕಿಬಿದ್ದ ಎಂಬಂತೆ. ‘ಹೊಡೀರಿ’ ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಚಿಕ್ಕವ ಸಮ್ಮಟಿಗೆಯ ಹಿಡಿಯ ಮೇಲೆ ಬೆರಳು ಬಿಗಿ ಮಾಡಿದ್ದು ಕಾಣಿಸಿತು. ಥೇಟ್ ದೊಡ್ಡವನ ಬೆರಳುಗಳು. ಇದು ನನ್ನದೇ ನಡುಕ ಎಂದು ತಾನು ಹಿಂದೆಯೂ ಒಮ್ಮೆ ಅಂದುಕೊಂಡಿದ್ದೆನಲ್ಲ ಎಂಬುದು ಹೊಳೆದು, ಮೇಸ್ತ್ರಿಯ ಬಾಯಿ ಹಾಗೇ ತೆರೆದುಕೊಂಡು ನಿಂತಿತು.

“ಚಿಕ್ಕವಾ,” ಎಂದ. ದನಿ ಒಡೆದಿತ್ತು. “ಸಮ್ಮಟಿಗೆ ಕೆಳಗಿಡು. ನಿನ್ನ ಕೈ ಇಡು ಇಲ್ಲಿ.”

“ಎಲ್ಲಿ?”

“ಗೋಡೆ ಮೇಲೆ.”

ಗುಂಪಿನಲ್ಲಿ ಯಾರೋ ಹೌಹಾರಿ ಏನೋ ಅಂದರು. ಒಂದು ಗುಂಪಿಗೆ ಎರಡು ಅಂಗೈ ಎಂದು ಯಾರೂ ಕೇಳಿಯೇ ಇರಲಿಲ್ಲ.

“ನಾನ್ಯಾಕೆ ಭಾವ?”

“ನಂಗೆ ಭಯ ಆಗ್ತಿದೆ ಕಣೋ,” ಎಂದ ಮೇಸ್ತ್ರಿ, ಎಲ್ಲರಿಗೂ ಕೇಳುವ ಹಾಗೆ. “ಕೈ ನಡುಗ್ತಿದೆ. ಗೋಡೆನಾ ನಾನಾ ಗೊತ್ತಾಗ್ತಿಲ್ಲ. ಬೇಗ ಇಡೋ!”

ಹದಿಮೂರು ಜನರೂ ಪಿಳಿಪಿಳಿ ಕಣ್ಣು ಬಿಟ್ಟರು. ಚಿಕ್ಕವ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನೊರೆಯ ಮೇಲೆ ಊರಿದ. ಹುಬ್ಬು ಗಂಟಿಕ್ಕಿತು.

“ಏನೋ... ಇರುವೆ ಹರಿದ ಹಾಗೆ...”

“ನಿಲ್ತಾ?”

“ಇಲ್ಲ ಭಾವ. ನಿಲ್ತಿಲ್ಲ.”

“ಕೂಗು ಮತ್ತೆ!”

“ನಾನಾ?”

“ಕೂಗೋ ನನ್ನಪ್ಪ!”

“ಓಡಿ!” ಎಂದು ಚಿಕ್ಕವ ಗಂಟಲು ಹರಿಯುವಂತೆ ಕೂಗಿದ.

ಎಲ್ಲರೂ ಓಡಿದರು. ಮೇಸ್ತ್ರಿಯ ಕಾಲು ಮಾತ್ರ ಏಳಲಿಲ್ಲ. ಬುದ್ಧಿ ಓಡು ಎನ್ನುತ್ತಿತ್ತು, ಮೈ ಹೂತಿಟ್ಟ ಕಂಬದ ಹಾಗೆ ನಿಂತಿತ್ತು. ಇಪ್ಪತ್ತು ಹೆಜ್ಜೆ ಓಡಿದ ಚಿಕ್ಕವ ತಿರುಗಿ ನೋಡಿದವನೇ ವಾಪಸು ಬಂದ. ಭಾವನ ಕೆನ್ನೆಗೆ ಬಾರಿಸಿದ. ಅಲುಗಲಿಲ್ಲ. ಹೊಟ್ಟೆಗೆ ಗುದ್ದಿದ. ನೋವಿಗೆ ಬಾಗಿದವನ ಕೂದಲಿಗೇ ಕೈ ಹಾಕಿ, ದರದರ ಎಳೆದುಕೊಂಡು ಓಡಿದ. ಹಿಂದೆ ಗೋಡೆ ಮೊದಲು ನಿಟ್ಟುಸಿರು ಬಿಟ್ಟ ಸದ್ದಾಯಿತು, ಆಮೇಲೆ ನೆಲವೇ ಎದ್ದು ಬಡಿಯಿತು. ಒಂದು ಇಟ್ಟಿಗೆ ಚಿಕ್ಕವನ ಬೆನ್ನಿಗೆ ಅಪ್ಪಳಿಸಿ ಇಬ್ಬರೂ ಮುಖ ಅಡಿಯಾಗಿ ಬಿದ್ದರು. ಬಹಳ ಹೊತ್ತು ಧೂಳು ಬಿಟ್ಟರೆ ಏನೂ ಇರಲಿಲ್ಲ. ಅತ್ತ ಕಡೆಯಿಂದ ಯಾರೋ ತಲೆ ಎಣಿಸುತ್ತಿದ್ದರು. ಮೇಸ್ತ್ರಿಯೂ ಸೇರಿ ಹದಿನಾಲ್ಕು ಸಿಕ್ಕಿತು.

ಮೇಸ್ತ್ರಿ ಎದ್ದು ಕೂತ. ಬಾಯಿಯ ಮಣ್ಣು ಉಗುಳಿದ. ಈಗ ಹೇಳದಿದ್ದರೆ ಜನ್ಮದಲ್ಲಿ ಹೇಳುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

“ಅವತ್ತೂ ನಡುಗಿತ್ತು.”

“ಯಾವತ್ತು?”

“ಟಾಕೀಸಿನ ಗೋಡೆ. ಅಂಗೈಗೆ ಗೊತ್ತಾಗಿತ್ತು. ಲಾರಿಯವನಿಗೆ ಹೊಡೆದು ಬಂದಿದ್ನಲ್ಲ, ಸಿಟ್ಟಿಗೆ ನನ್ನ ಕೈನೇ ನಡುಗ್ತಿದೆ ಅಂದ್ಕೊಂಡೆ. ಗೊತ್ತಿದ್ದೂ ಹೊಡೀರಿ ಅಂದೆ. ನಿಮ್ಮಣ್ಣನ್ನ ಗೋಡೆ ಕೊಲ್ಲಲಿಲ್ಲ ಕಣೋ.”

ಚಿಕ್ಕವ ಅವನನ್ನು ದಿಟ್ಟಿಸಿ ನೋಡಿದ. ಮಾತು ತಲೆಗೆ ಇಳಿದದ್ದೇ ತಡ, ಅವನ ಮೇಲೆ ಬಿದ್ದ. ಮೊದಲ ಏಟಿಗೆ ತುಟಿ ಸೀಳಿತು, ಎರಡನೆಯದಕ್ಕೆ ಹುಬ್ಬು. ಎದೆಯ ಮೇಲೆ ಕೂತು, ಎರಡೂ ಕೈಯಿಂದ, ಅಣ್ಣನ ಹೆಸರು ಹಿಡಿದು ಅರಚುತ್ತ, ಗುದ್ದಿದ. ಅವತ್ತಿನವರೆಗೂ ಯಾರಿಂದಲೂ ಒಂದೇಟು ತಿಂದು ಗೊತ್ತಿಲ್ಲದ ಮೇಸ್ತ್ರಿ ಕೈಗಳನ್ನು ಮಣ್ಣಿನ ಮೇಲೆ ಚೆಲ್ಲಿಕೊಂಡು ಮಲಗಿದ್ದ. ಬಿಡಿಸಲು ಬಂದವರನ್ನು “ಬರಬೇಡಿ” ಎಂದು ರಕ್ತದ ಬಾಯಿಂದಲೇ ತಡೆದ.

ಒಮ್ಮೆಲೇ ಏಟು ನಿಂತಿತು. ಚಿಕ್ಕವ ಪಕ್ಕಕ್ಕೆ ಉರುಳಿ ಎದೆ ಹಿಡಿದುಕೊಂಡ. ಬಾಯಿ ದೊಡ್ಡದಾಗಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಬೆರಳುಗಳು ಕೊಕ್ಕೆಯ ಹಾಗೆ ಸೆಟೆದುಕೊಂಡಿದ್ದವು.

“ಏನೋ ಆಗ್ತಿದೆ... ಸಾಯ್ತೀನಿ...”

ಮೇಸ್ತ್ರಿ ಮೊಣಕೈ ಊರಿ ಎದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. “ಎದೆಗೆ ಇಟ್ಟಿಗೆ ಬಿತ್ತಾ?” ಚಿಕ್ಕವ ಇಲ್ಲವೆಂದು ತಲೆಯಾಡಿಸಿದ. “ಬೆರಳು ಜುಮ್ ಅಂತಿದೆಯಾ? ಗಂಟಲು? ನಾವೆಲ್ಲ ದೂರ ಇದ್ದ ಹಾಗೆ ಕಾಣ್ತೀವಾ?” ಹೂಂ, ಹೂಂ. “ಸಾಯಲ್ಲ. ನಂಗೂ ಇದೇ ಬರೋದು. ಅವತ್ತು ನಿನ್ನ ಹಲ್ಲು ಹೋಯ್ತಲ್ಲ, ಅವತ್ತು ಸಿಟ್ಟಲ್ಲ, ಇದೇ ಬಂದಿದ್ದು. ಹತ್ತು ನಿಮಿಷ. ಮೇಲೇರುತ್ತೆ, ಇಳಿಯುತ್ತೆ. ಕೈ ಕೊಡು.”

“ಮುಟ್ಬೇಡ ನನ್ನ!”

ಅಕ್ಕನ ಮದುವೆಯಾದಾಗಿನಿಂದ ‘ನೀವು’ ಎನ್ನುತ್ತಿದ್ದವನ ಬಾಯಲ್ಲಿ ಅದು ಹೋಗಿತ್ತು. ಮೇಸ್ತ್ರಿ ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡ. ಒಂದು ಮಾರು ದೂರದಲ್ಲಿ ಕೂತು, ಜೋರಾಗಿ ಎಣಿಸತೊಡಗಿದ. ನಾಲ್ಕು ಎಣಿಸಿ ಉಸಿರು ತೆಗೆದುಕೊಂಡ, ಆರು ಎಣಿಸಿ ಬಿಟ್ಟ. ಎಣಿಸಿದಾಗಲೆಲ್ಲ ಸೀಳಿದ ತುಟಿಯಿಂದ ರಕ್ತ ಗಲ್ಲಕ್ಕೆ ಇಳಿಯಿತು. ಚಿಕ್ಕವ ಅವನ ಮುಖ ನೋಡಲಿಲ್ಲ, ಆದರೆ ಎಣಿಕೆಯ ಜೊತೆ ಉಸಿರಾಡಿದ. ಕೊನೆಗೆ ಬೆರಳುಗಳು ಬಿಟ್ಟುಕೊಂಡವು. ಆಮೇಲೆ ಅವನು ಅತ್ತ, ಅಣ್ಣ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ.

“ಅಕ್ಕಂಗೆ ಹೇಳಬೇಕು,” ಎಂದ ಕಣ್ಣೊರೆಸಿಕೊಂಡು. “ಇವತ್ತೇ. ನೀನೇ ಹೇಳಬೇಕು. ನಾನು ಬಾಗಿಲಲ್ಲಿ ನಿಂತಿರ್ತೀನಿ.”

ಹೆಂಡತಿ ಆಗಷ್ಟೇ ಕೆಲಸದಿಂದ ಬಂದು, ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಸೋಡಕ್ಕೆ ಅವಳ ಕೈ ಯಾವಾಗಲೂ ಬಿರಿದಿರುತ್ತಿತ್ತು. ಗಂಡನ ಊದಿದ ಮುಖ, ತಮ್ಮನ ಗೆಣ್ಣಿನ ಗಾಯ ಎರಡನ್ನೂ ನೋಡಿದಳು. ಯಾರು ಯಾರಿಗೆ ಹೊಡೆದರು ಎಂದು ಅವಳಿಗೆ ಹೇಳಬೇಕಾಗಿರಲಿಲ್ಲ.

“ಯಾಕೋ ಹೊಡೆದೆ ಭಾವಂಗೆ?”

ಚಿಕ್ಕವ ಹೊಸ್ತಿಲ ಆಚೆಯೇ ನಿಂತ.

“ಅವನನ್ನ ಕೇಳಬೇಡ,” ಎಂದ ಮೇಸ್ತ್ರಿ. “ಕೂತ್ಕೋ. ನಾನು ಹೇಳ್ತೀನಿ.”

ಎದೆಯೊಳಗೆ ಸಮ್ಮಟಿಗೆ ಆಗಲೇ ಶುರುವಾಗಿತ್ತು. ಅವನು ಬಾಗಿಲ ಪಕ್ಕದ ಗೋಡೆಗೆ ಎಡ ಅಂಗೈ ಊರಿದ. ನಡುಕವಿತ್ತು. ಈ ಗೋಡೆ ಗಟ್ಟಿಯಾಗಿತ್ತು, ನಡುಗುತ್ತಿದ್ದವನು ತಾನೇ, ಇದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಅದು ಇಳಿಯುವವರೆಗೂ ಅವನು ಕಾಯಲಿಲ್ಲ.

“ಟಾಕೀಸು ಕೆಡವಿದ ದಿನ ಬೆಳಿಗ್ಗೆ,” ಎಂದ, “ನೀನು ಬುತ್ತಿ ಕಟ್ಟಿ ಕೊಟ್ಟಿದ್ದೆಯಲ್ಲ, ಆ ಡಬ್ಬಿ...”